ನಕಲು ತಿದ್ದುವವರ ಧರ್ಮ: ವೇಗ, ನಿಖರತೆ ಮತ್ತು ಮೂಲದ ಋಣ

ಆಡಿದ ಮಾತನ್ನೋ ಹಳೆಯ ಬರಹವನ್ನೋ ಹೊಸದಾಗಿ ಬರೆದುಕೊಂಡ ಮೇಲೆ ಅದನ್ನು ಮೂಲದೊಂದಿಗೆ ತಾಳೆ ನೋಡಿ ತಿದ್ದುವುದು ಕರಡು ತಿದ್ದುವ ಕೆಲಸಗಳಲ್ಲೆಲ್ಲ ಹೆಚ್ಚು ಜವಾಬ್ದಾರಿಯದು. ಲೇಖಕರ ಸ್ವಂತ ಬರಹದ ಪ್ರೂಫ್ ನೋಡುವಾಗ ಅನುಮಾನ ಬಂದರೆ ಅವರನ್ನೇ ಕೇಳಬಹುದು. ನಕಲಿನ ಪ್ರೂಫ್ ನೋಡುವವರಿಗೆ ಆ ಅನುಕೂಲವಿಲ್ಲ. ಪದ ಹಾಡಿದವರು ತಮ್ಮೂರಿಗೆ ಮರಳಿರುತ್ತಾರೆ, ಓಲೆಗರಿ ಬರೆದವರು ತೀರಿಕೊಂಡು ಶತಮಾನಗಳಾಗಿರುತ್ತವೆ, ಬಂಡೆಯ ಮೇಲಿನ ಅಕ್ಷರ ಅರ್ಧ ಸವೆದಿರುತ್ತದೆ. ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸಲು ನಾಲ್ಕಾರು ಗಂಟೆ ಬೇಕು. ಅದನ್ನು ಮತ್ತೆ ಕೇಳಿ ತಿದ್ದಲು ಇನ್ನಷ್ಟು ಹೊತ್ತು. ಕೂಲಿ ಮಾತ್ರ ಸಾಮಾನ್ಯವಾಗಿ ಪುಟದ ಲೆಕ್ಕದಲ್ಲಿ. ಹೀಗಾಗಿ ಬೇಗ ಮುಗಿಸುವುದೋ ಸರಿಯಾಗಿ ಮುಗಿಸುವುದೋ ಎಂಬ ಪ್ರಶ್ನೆ ಈ ಕೆಲಸದಲ್ಲಿ ದಿನವೂ ಏಳುತ್ತದೆ. ಇದನ್ನು ಬರೀ ಕೌಶಲದ ಪ್ರಶ್ನೆ ಎಂದು ತಿಳಿಯುವುದೇ ರೂಢಿ. ಆದರೆ ಇನ್ನೊಬ್ಬರ ಮಾತನ್ನು ಕೈಗೆತ್ತಿಕೊಂಡವರು ಆ ಮಾತಿಗೆ ಎಷ್ಟು ಋಣಿಗಳು, ಮಾತಿಗಾಗಿ ಕಾಯುತ್ತಿರುವವರಿಗೆ ಎಷ್ಟು ಋಣಿಗಳು ಎಂಬುದು ಧರ್ಮದ ಪ್ರಶ್ನೆ. ಕರ್ನಾಟಕದಲ್ಲಿ ಈ ಪ್ರಶ್ನೆಗೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯದೇ.

ಹಿಂದೆ ಲಿಂಗಸುಗೂರು ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿಯ ಗುಡ್ಡದಲ್ಲಿ ಅಶೋಕನ ಕಿರು ಶಾಸನವಿದೆ. ಚಿನ್ನದ ನಿಕ್ಷೇಪ ಹುಡುಕುತ್ತ ಬಂದಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ 1915ರಲ್ಲಿ ಅದನ್ನು ಕಂಡರು. ಅಲ್ಲಿಯವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲೆಲ್ಲ ದೊರೆಯ ಬಿರುದು ಮಾತ್ರ ಇತ್ತು; ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಆ ಕಾರಣಕ್ಕೆ ಈ ಊರು ಇತಿಹಾಸದ ಪುಸ್ತಕಗಳಲ್ಲಿ ಪ್ರಸಿದ್ಧ. ಶಾಸನದ ತಿರುಳು ಇನ್ನೂ ಒಂದು ಮಾತನ್ನು ಹೇಳುತ್ತದೆ: ಶ್ರದ್ಧೆಯಿಂದ ಶ್ರಮಿಸಿದರೆ ಹಿರಿಯರಿಗಷ್ಟೇ ಅಲ್ಲ, ಕಿರಿಯರಿಗೂ ಉನ್ನತವಾದದ್ದು ಸಿಗುತ್ತದೆ. ದೊರೆಯ ಮಾತನ್ನು ಕಲ್ಲಿಗಿಳಿಸುವ ಲಿಪಿಕಾರ ಆ ಕಾಲದ ಲೆಕ್ಕದಲ್ಲಿ ಕಿರಿಯನೇ. ಆದರೆ ಧರ್ಮ ಊರೂರಿಗೆ ಮುಟ್ಟುವುದು ಅವನ ಉಳಿಯ ಮೂಲಕ.

ಆ ಲಿಪಿಕಾರನ ತಪ್ಪನ್ನು ಅಶೋಕ ಮರೆಮಾಚಲಿಲ್ಲ. ರಾಜ್ಯ ವಿಸ್ತಾರವಾದದ್ದು, ಬರೆಸಿದ್ದು ಬಹಳ, ಬರೆಸಬೇಕಾದದ್ದೂ ಬಹಳ. ಕೆಲವು ವಿಷಯಗಳ ಸವಿಗಾಗಿ ಅವನ್ನು ಮತ್ತೆ ಮತ್ತೆ ಹೇಳಿದೆ. ಕೆಲವು ಕಡೆ ಬರಹ ಅಪೂರ್ಣವಾಗಿರಬಹುದು, ಅದಕ್ಕೆ ಸ್ಥಳವೋ ಬೇರೆ ಕಾರಣವೋ ಲಿಪಿಕಾರನ ಅಪರಾಧವೋ ಇರಬಹುದು ಎಂದು 14ನೆಯ ಬಂಡೆಶಾಸನ ಒಪ್ಪಿಕೊಳ್ಳುತ್ತದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ದೇವಿಯ ಮೂರ್ತಿಗೆ ಪೀಠವಾಗಿ ಬಳಕೆಯಾಗಿದ್ದ ಚಪ್ಪಡಿಯ ಮೇಲೆ, ಈ 14ನೆಯ ಶಾಸನದ ಭಾಗವೂ ಎಲ್ಲ ಪಂಥಗಳನ್ನು ಗೌರವಿಸಬೇಕೆನ್ನುವ 12ನೆಯ ಶಾಸನದ ಭಾಗವೂ ಸಿಕ್ಕಿವೆ. ಸಾಮ್ರಾಟನೊಬ್ಬ ತನ್ನ ಆಜ್ಞೆಯ ಕೊನೆಗೆ ತಪ್ಪೋಲೆ ಸೇರಿಸಿದ ಇಂಥ ಇನ್ನೊಂದು ಉದಾಹರಣೆ ಪ್ರಾಚೀನ ಜಗತ್ತಿನಲ್ಲಿ ಸುಲಭಕ್ಕೆ ಸಿಗದು. ಕೆಲಸ ದೊಡ್ಡದು, ಬೇಗ ಆಗಬೇಕಾದದ್ದು, ಆದ್ದರಿಂದ ತಪ್ಪು ನುಸುಳಿರುತ್ತದೆ. ಓದುವವನು ಆ ಎಚ್ಚರದಿಂದ ಓದಲಿ ಎಂಬ ಪ್ರಾಮಾಣಿಕತೆ ಅದರಲ್ಲಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಇದರ ಮರುಮುಖವಿದೆ. ಅಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಕೆತ್ತಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿ, ಅವನ ವೃತ್ತಿಯನ್ನು ಹೇಳುವ ಪದ ಮಾತ್ರ ವಾಯವ್ಯ ಗಡಿನಾಡಿನ ಖರೋಷ್ಠಿಯಲ್ಲಿ. ಅಪರಾಧ ಯಾರದಿರಬಹುದೆಂದು ದೊರೆ ಹೇಳಿದ. ಈ ಬರಹ ತನ್ನದೆಂದು ಬರೆದವನೂ ಹೇಳಿಕೊಂಡ. ಹೊಣೆ ಹೊರುವುದೆಂದರೆ ಈ ಎರಡೂ ಸೇರಿ.

ಬರೆದಿಟ್ಟದ್ದನ್ನು ಮರಳಿ ಓದುವವರ ಆತುರದ ಕಥೆ ಬೇರೆ ಬಗೆಯದು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಬಿಡಿಸಿದಾಗ ಶಾಸನಗಳಲ್ಲಿ ಪಿಯದಸಿ ಎಂಬ ಬಿರುದಿನಿಂದ ಕಾಣುವವನು ಸಿಂಹಳದ ದೊರೆಯೆಂದು ಮೊದಲು ಊಹಿಸಿ ಹಾಗೇ ಪ್ರಕಟಿಸಿದರು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ವಂಶಕಥೆಗಳ ಆಧಾರದಿಂದ ಅದು ಅಶೋಕನೇ ಎಂದು ಸ್ವಲ್ಪ ಕಾಲದಲ್ಲೇ ತೋರಿಸಿಕೊಟ್ಟರು. ಪ್ರಿನ್ಸೆಪ್ ಅವಸರ ಮಾಡಿದ್ದು ನಿಜ. ಆದರೆ ಅವರು ತಮ್ಮ ಊಹೆಯೊಂದಿಗೆ ಅಕ್ಷರಗಳ ಪ್ರತಿರೂಪವನ್ನೂ ಅಚ್ಚು ಹಾಕಿಸಿದ್ದರು. ಓದಿದವರು ಮೂಲಕ್ಕೆ ಹೋಗಿ ಪರೀಕ್ಷಿಸಬಹುದಿತ್ತು. ಅವರ ತಪ್ಪು ಬೇಗ ಹುಟ್ಟಿ ಬೇಗ ಸತ್ತಿತು.

ಕಿರು ಶಾಸನದ ಒಂದು ವಾಕ್ಯದ ಮಟ್ಟಿಗೆ ಮಸ್ಕಿಯ ಬಂಡೆಯೇ ತೀರ್ಪುಗಾರನಾಯಿತು. ಉತ್ತರದ ಪ್ರತಿಗಳಲ್ಲಿ ಜಂಬೂದ್ವೀಪದ ದೇವತೆಗಳ ವಿಷಯವಾಗಿ ‘ಮಿಸಾ’ ಎಂಬ ಪ್ರಾಕೃತ ರೂಪ ಬರುತ್ತದೆ. ಸೆನಾರ್, ಬ್ಯೂಲರ್ ಅವರಂಥ ದೊಡ್ಡ ವಿದ್ವಾಂಸರು ಅದನ್ನು ಸಂಸ್ಕೃತದ ‘ಮೃಷಾ’ ಎಂದು ತಿಳಿದರು. ಹಾಗೆ ತಿಳಿದಾಗ ವಾಕ್ಯದ ಅರ್ಥ, ಜನ ನಿಜವೆಂದು ನಂಬಿದ್ದ ದೇವತೆಗಳು ಸುಳ್ಳೆಂದು ಅಶೋಕ ತೋರಿಸಿದ ಎಂದಾಗುತ್ತದೆ. ಅದು ‘ಮಿಶ್ರ’ದಿಂದ ಬಂದ ರೂಪ ಎಂದು ಸಿಲ್ವೇನ್ ಲೆವಿ ಸೂಚಿಸಿದರು. ಮಸ್ಕಿಯ ಪ್ರತಿಯಲ್ಲಿ ಅದೇ ಜಾಗದಲ್ಲಿ ‘ಮಿಸಿಭೂತಾ’ ಎಂದಿದ್ದುದರಿಂದ ಸಂಶಯ ಹೋಯಿತು; ದೇವತೆಗಳು ಮನುಷ್ಯರೊಡನೆ ಬೆರೆತರು ಎಂಬುದೇ ಸರಿಯಾದ ಅರ್ಥವೆಂದು ನಿಂತಿತು. ಅನ್ಯರ ದೇವರನ್ನು ಅಲ್ಲಗಳೆದ ದೊರೆ ಮತ್ತು ದೇವ-ಮಾನವರ ನಡುವಿನ ಗೋಡೆ ಕರಗಿತೆಂದ ದೊರೆ, ಇವರಿಬ್ಬರೂ ಒಬ್ಬರೇ ಆಗಲಾರರು. ಒಂದು ಧರ್ಮದ ನಿಲುವೇ ಒಂದು ರೂಪದ ಓದಿನ ಮೇಲೆ ನಿಂತಿತ್ತು. ಆ ಓದನ್ನು ಸರಿಪಡಿಸಿದ್ದು ಯಾರೊಬ್ಬರ ಜಾಣ್ಮೆಗಿಂತ ಹೆಚ್ಚಾಗಿ ಇನ್ನೊಂದು ಪ್ರತಿ ಉಳಿದುಬಂದಿದ್ದ ಭಾಗ್ಯ. ಗ್ರಂಥ ಸಂಪಾದಕರು ಪ್ರತ್ಯಂತರಗಳಿಗಾಗಿ ಊರೂರು ಅಲೆಯುವುದು ಇದಕ್ಕಾಗಿಯೇ.

ನಕಲಿನ ಲೋಪ ಧರ್ಮದ ಪ್ರಶ್ನೆಯಾಗಿ ಬೆಳೆದದ್ದಕ್ಕೆ ಕರ್ನಾಟಕದ ಅತ್ಯಂತ ಗಂಭೀರ ನಿದರ್ಶನ ಮೂಡಬಿದಿರೆಯದು. ದಿಗಂಬರ ಜೈನರ ಪರಮಾಗಮವೆನಿಸಿದ ‘ಷಟ್ಖಂಡಾಗಮ’ ಮತ್ತು ಅದರ ಮೇಲೆ ವೀರಸೇನಾಚಾರ್ಯರು ರಚಿಸಿದ ‘ಧವಲಾ’ ಟೀಕೆ ಉಳಿದಿದ್ದುದು ಅಲ್ಲಿನ ಬಸದಿಯಲ್ಲಿ, ಹಳಗನ್ನಡ ಲಿಪಿಯ ಓಲೆಗರಿಗಳಲ್ಲಿ. ಬಹುಕಾಲ ಅವು ದರ್ಶನಕ್ಕೆ ಮಾತ್ರ ಸಿಗುತ್ತಿದ್ದವು, ಓದಿಗೆ ಸಿಗುತ್ತಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಅವನ್ನು ನಾಗರಿ ಮತ್ತು ಕನ್ನಡಕ್ಕೆ ನಕಲು ಮಾಡುವ ಕೆಲಸ ಶುರುವಾಗಿ 20ನೆಯ ಶತಮಾನದ ಮೂರನೆಯ ದಶಕದವರೆಗೂ ನಡೆಯಿತು. ಈ ನಡುವೆ ಗುಟ್ಟಾಗಿ ಮಾಡಿಕೊಂಡ ಒಂದು ಪ್ರತಿ ಹೊರಗೆ ಹೋಗಿ, ಅದರಿಂದ ಮತ್ತಷ್ಟು ನಕಲುಗಳು ಹುಟ್ಟಿದವು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಹೊರಬಂದಾಗ ಸಂಪಾದಕರ ಕೈಲಿದ್ದುದು ಇಂಥ ನಕಲಿನ ನಕಲುಗಳು.

ಆ ಸಂಪುಟದ 93ನೆಯ ಸೂತ್ರದಲ್ಲಿ ಗದ್ದಲ ಎದ್ದಿತು. ಸ್ತ್ರೀಗೆ ಯಾವ ಯಾವ ಆಧ್ಯಾತ್ಮಿಕ ನೆಲೆಗಳು ಸಾಧ್ಯ ಎಂದು ಪಟ್ಟಿ ಮಾಡುವ ಸೂತ್ರವದು. ಪಟ್ಟಿಯಲ್ಲಿ ‘ಸಂಜದಾಸಂಜದ’, ಅಂದರೆ ಭಾಗಶಃ ಸಂಯಮ, ಇದೆ. ಅದರ ಪಕ್ಕದಲ್ಲಿ ಇರಬೇಕಾದ ‘ಸಂಜದ’ ಪ್ರತಿಗಳಲ್ಲಿ ಇರಲಿಲ್ಲ. ಟೀಕೆಯ ವಾದಸರಣಿಯನ್ನು ನೋಡಿದರೆ ಆ ಪದ ಅಲ್ಲಿರಲೇಬೇಕು ಎಂದು ಸಂಪಾದಕರು ಸೂಚಿಸಿದರು. ಸಂಜದವೆಂದರೆ ಪೂರ್ಣ ಸಂಯಮ, ಮುನಿಯ ನೆಲೆ. ಅದು ಸ್ತ್ರೀಗೆ ಸಾಧ್ಯವೆಂದರೆ ಸ್ತ್ರೀಮುಕ್ತಿಯನ್ನು ಒಪ್ಪದ ದಿಗಂಬರ ಸಿದ್ಧಾಂತದ ಬುಡಕ್ಕೇ ಪ್ರಶ್ನೆ ಬೀಳುತ್ತದೆ. ಸಮಾಜದಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ ಮೂಡಬಿದಿರೆಯ ಓಲೆಗರಿಯನ್ನು ನೋಡಿದಾಗ ಪದ ಅಲ್ಲೇ ಇತ್ತು. ಇಲ್ಲಿ ಸ್ತ್ರೀ ಎಂದರೆ ದೇಹದಿಂದ ಅಲ್ಲ, ಭಾವದಿಂದ ಎಂಬ ವ್ಯಾಖ್ಯಾನದ ಮೇಲೆ ಪರಂಪರೆ ತನ್ನ ಸಿದ್ಧಾಂತವನ್ನು ಉಳಿಸಿಕೊಂಡಿತು. ಆ ವಾದ ಬೇರೆ. ನಕಲು ತಿದ್ದುವವರು ಗಮನಿಸಬೇಕಾದದ್ದು ಪದ ಬಿದ್ದುಹೋದ ಜಾಗ. ‘ಸಂಜದಾಸಂಜದ’ದ ಕೊನೆಯೂ ‘ಸಂಜದ’, ಅದರ ಮುಂದಿನ ಪದವೂ ‘ಸಂಜದ’. ಒಂದೇ ಅಕ್ಷರಗಳು ಎರಡು ಸಲ ಒತ್ತಿಗೊತ್ತಾಗಿ ಬಂದಲ್ಲಿ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರುತ್ತದೆ, ನಡುವಿನದು ಹೋಗುತ್ತದೆ. ಹಾಗೆ ಹೋದ ಮೇಲೂ ವಾಕ್ಯ ಸರಾಗವಾಗಿ ಓದಿಸಿಕೊಳ್ಳುತ್ತದೆ. ಮೂಲವನ್ನು ಪಕ್ಕದಲ್ಲಿಟ್ಟುಕೊಳ್ಳದೆ ನಕಲನ್ನಷ್ಟೇ ಓದುವವರು ಎಷ್ಟೇ ನಿಧಾನವಾಗಿ, ಎಷ್ಟೇ ಸಲ ಓದಿದರೂ ಈ ಲೋಪ ಕಣ್ಣಿಗೆ ಬೀಳುವ ಸಂಭವ ಕಡಿಮೆ. ಇಲ್ಲಿ ಸಂಪಾದಕರಿಗೆ ಅನುಮಾನ ಬಂದದ್ದು ಟೀಕೆಯ ಆಳವಾದ ಪರಿಚಯದಿಂದ. ನಿಧಾನವೇ ನಿಖರತೆ ಎಂಬ ನಂಬಿಕೆ ಇಲ್ಲಿ ಸೋಲುತ್ತದೆ.

ಹಳೆಯ ಲಿಪಿಕಾರರಿಗೆ ತಮ್ಮ ಕೆಲಸದ ಅಪಾಯ ಗೊತ್ತಿತ್ತು. ಓಲೆಗರಿಯ ಕೊನೆಗೆ ಅವರು ಬರೆಯುತ್ತಿದ್ದ ರೂಢಿಯ ಮಾತುಗಳಲ್ಲಿ ಎರಡು ಬಗೆಗಳಿವೆ. ಬೆನ್ನು ಬಾಗಿ, ಕತ್ತು ನೊಂದು, ದೃಷ್ಟಿ ಮಂಜಾಗಿ ಕಷ್ಟಪಟ್ಟು ಬರೆದ ಈ ಪುಸ್ತಕವನ್ನು ಜತನದಿಂದ ಕಾಪಾಡಿ ಎಂಬುದು ಒಂದು. ಮೂಲದಲ್ಲಿ ಕಂಡದ್ದನ್ನು ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ದೋಷ ನನ್ನದಲ್ಲ ಎಂಬುದು ಇನ್ನೊಂದು. ಮೊದಲನೆಯ ಮಾತಿಗೆ ಯಾರಾದರೂ ತಲೆಬಾಗಬೇಕು. ಎರಡನೆಯದು ಅರ್ಧ ಸತ್ಯ. ಕಂಡಂತೆ ಬರೆಯುವುದು ಲಿಪಿಕಾರನ ಮೊದಲ ಕರ್ತವ್ಯ ನಿಜ. ತನಗೆ ಅರ್ಥವಾಗದ ಪದವನ್ನು ಅರ್ಥವಾಗುವ ಪದಕ್ಕೆ ಬದಲಾಯಿಸುವ ಚುರುಕು ಲಿಪಿಕಾರ ಮಂದಮತಿಗಿಂತ ಹೆಚ್ಚು ಹಾನಿ ಮಾಡಿದ್ದಾನೆಂದು ಗ್ರಂಥ ಸಂಪಾದನೆ ಬಲ್ಲವರೆಲ್ಲ ಹೇಳುತ್ತಾರೆ. ಲಿಪಿಕಾರರು ಎಸಗುವ ತಪ್ಪುಗಳನ್ನು ಡಿ.ಎಲ್. ನರಸಿಂಹಾಚಾರ್ ತಮ್ಮ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಬಗೆಬಗೆಯಾಗಿ ವಿಂಗಡಿಸಿ ತೋರಿಸಿದ್ದಾರೆ. ಆದರೆ ಕಂಡಂತೆ ಬರೆದೆ ಎನ್ನುವವನು ಸರಿಯಾಗಿ ಕಂಡೆನೇ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರ.

ಈ ಪ್ರಶ್ನೆಗೆ ಜೈನ ದರ್ಶನ ಕೊಡುವ ಉತ್ತರ ಬಹಳ ಸೂಕ್ಷ್ಮವಾದದ್ದು. ಪ್ರಮಾದದಿಂದ, ಅಂದರೆ ಎಚ್ಚರ ತಪ್ಪಿದ ನಡೆಯಿಂದ ಪ್ರಾಣಕ್ಕೆ ಕೇಡಾಗುವುದೇ ಹಿಂಸೆ ಎಂದು ತತ್ತ್ವಾರ್ಥಸೂತ್ರ ಲಕ್ಷಣ ಹೇಳುತ್ತದೆ. ನೋಡಿ ಹೆಜ್ಜೆಯಿಡುವ ಮುನಿಯ ಕಾಲಿಗೆ ಅಕಸ್ಮಾತ್ ಜೀವಿಯೊಂದು ಸಿಕ್ಕಿದರೆ ಅದು ಹಿಂಸೆಯ ದೋಷವಲ್ಲ. ನೋಡದೆ ನಡೆದವನ ಕಾಲಿಗೆ ಏನೂ ಸಿಗದಿದ್ದರೂ ದೋಷವುಂಟು. ನಡೆಯುವುದಕ್ಕೆ, ಮಾತಾಡುವುದಕ್ಕೆ, ವಸ್ತುವನ್ನು ಎತ್ತಿ ಇಡುವುದಕ್ಕೆ ಒಂದೊಂದು ಸಮಿತಿಯನ್ನು, ಅಂದರೆ ಎಚ್ಚರದ ನಿಯಮವನ್ನು, ಆ ಧರ್ಮ ವಿಧಿಸಿದೆ. ನಕಲು ತಿದ್ದುವವರ ಕೆಲಸಕ್ಕೆ ಇದನ್ನು ಅನ್ವಯಿಸಿದರೆ ತಪ್ಪಿನ ಎಣಿಕೆಯೊಂದೇ ಅಳತೆಯಾಗದು. ನೋಡಿಯೂ ಉಳಿದ ತಪ್ಪು ಒಂದು, ನೋಡದೆ ಬಿಟ್ಟ ತಪ್ಪು ಇನ್ನೊಂದು. ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಮಾಡಿದವರಿಗೆ ಮಾತ್ರ ವ್ಯತ್ಯಾಸ ಗೊತ್ತು. ಈ ಕೆಲಸ ಆತ್ಮಸಾಕ್ಷಿಯನ್ನು ನಂಬಿ ನಡೆಯುವುದು ಅದಕ್ಕೇ.

ಇಷ್ಟಾದರೂ ಅವಸರವನ್ನು ಬರೀ ದೋಷವೆಂದು ತಳ್ಳಿಹಾಕುವುದು ಅನ್ಯಾಯ. ಕಾಯುವುದರಿಂದಲೂ ನಷ್ಟವಿದೆ. ಗರಿಗೆ ಹುಳು ಬೀಳುತ್ತದೆ, ಬಂಡೆಯನ್ನು ಕಲ್ಲುಗಣಿ ನುಂಗುತ್ತದೆ, ಪದ ಬಲ್ಲ ಅಜ್ಜಿ ಕಣ್ಣು ಮುಚ್ಚುತ್ತಾಳೆ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ ಮನೆಮನೆಯ ಓಲೆಗರಿ ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು. ಬಳಿಕ ಸ್ವಂತ ಮುದ್ರಣಾಲಯ ಹಾಕಿ, ‘ಶಿವಾನುಭವ’ ಪತ್ರಿಕೆ ನಡೆಸಿ, ವಚನಗಳನ್ನು ಕೈಗೆ ಸಿಕ್ಕಂತೆ ಅಚ್ಚು ಮಾಡುತ್ತ ಹೋದರು. ಎಲ್ಲ ಪಾಠಾಂತರ ನೋಡಿ, ಎಲ್ಲ ಅನುಮಾನ ತೀರಿಸಿಕೊಂಡು ಪ್ರಕಟಿಸುತ್ತೇನೆಂದು ಅವರು ಕೂತಿದ್ದರೆ ವಚನ ಸಾಹಿತ್ಯ ಓದುಗರಿಗೆ ತಲುಪಲು ಇನ್ನೂ ಎಷ್ಟು ಕಾಲ ಹಿಡಿಯುತ್ತಿತ್ತೋ. ಅವರು ಕೂಡಿಟ್ಟದ್ದರ ಮೇಲೆ ನಿಂತೇ ಮುಂದಿನ ಸಂಪಾದಕರು ಪಾಠ ಪರಿಷ್ಕರಿಸಿದರು. 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ 1993ರಲ್ಲಿ ಬಂತು. ಬಿ.ಎಲ್. ರೈಸ್ ಅವರದೂ ಇಂಥದೇ ಕಥೆ. ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಎರಡು ದಶಕಗಳಲ್ಲಿ ಸುಮಾರು 9 ಸಾವಿರ ಶಾಸನಗಳನ್ನು ತಂದರು. ಆ ವೇಗದಲ್ಲಿ ಓದಿನ ತಪ್ಪುಗಳು ಉಳಿದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತರಬೇಕಾಯಿತು. ರೈಸ್ ಅವರ ಕಾಲದಲ್ಲಿದ್ದ ಕೆಲವು ಕಲ್ಲುಗಳು ಮುಂದೆ ಸಿಗದೆ ಹೋದಾಗ ಅವರ ಓದೇ ಏಕೈಕ ಆಧಾರವಾಯಿತು. ಅಂಥ ಕಡೆ ಅವಸರವೇ ಪುಣ್ಯ ಕಟ್ಟಿಕೊಂಡಿತೆನ್ನಬೇಕು.

ಲಿಂಗಸುಗೂರಿನಲ್ಲೇ ನಡೆದ ಕೆಲಸವನ್ನು ಇಲ್ಲಿ ನೆನೆಯದೆ ಇರಲಾಗದು. ಗೊರೆಬಾಳ ಹನುಮಂತರಾಯರು ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ದಾಸರ ಪದಗಳನ್ನು ಸಂಗ್ರಹಿಸಿ ಸಂಪುಟ ಸಂಪುಟವಾಗಿ ಹೊರತಂದರು. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಬಾಳಿ ಹಾಡಿದ ನೆಲ ಇದೇ ರಾಯಚೂರು ಸೀಮೆ. ಪದಗಳು ಬದುಕಿದ್ದುದು ಅರ್ಧ ಕೈಬರಹದ ವಹಿಗಳಲ್ಲಿ, ಅರ್ಧ ಭಜನೆಯ ಬಾಯಿಪಾಠದಲ್ಲಿ. ಇಂಥ ಪಠ್ಯದಲ್ಲಿ ತಿದ್ದುವವರ ಕಣ್ಣು ಮೊದಲು ಹೋಗಬೇಕಾದದ್ದು ಅಂಕಿತಕ್ಕೆ. ಕೊನೆಯ ನುಡಿಯಲ್ಲಿ ವಿಜಯವಿಠಲ ಎಂದಿದೆಯೋ ಗೋಪಾಲವಿಠಲ ಎಂದಿದೆಯೋ ಜಗನ್ನಾಥವಿಠಲ ಎಂದಿದೆಯೋ ಎಂಬುದರ ಮೇಲೆ ಪದ ಯಾರದೆಂಬುದು ನಿಂತಿದೆ. ಅಲ್ಲಿ ಕೈ ಜಾರಿದರೆ ಒಬ್ಬ ದಾಸರ ಜೀವಮಾನದ ಭಕ್ತಿಯನ್ನು ಇನ್ನೊಬ್ಬರ ಹೆಸರಿಗೆ ಬರೆದಂತೆ. ಎಲ್ಲ ಸಾಲಿಗೂ ಒಂದೇ ಸಮನೆ ಹೊತ್ತು ಕೊಡಬೇಕಿಲ್ಲ. ಪಲ್ಲವಿ ಎಲ್ಲರಿಗೂ ಬಾಯಿಪಾಠ, ಅದು ಬೇಗ ಸಾಗಲಿ. ಅಂಕಿತದಲ್ಲಿ, ಅಪರೂಪದ ಹೆಸರಿನಲ್ಲಿ, ಅಂಕಿಯಲ್ಲಿ ನಿಲ್ಲಬೇಕು. ವೇಗವನ್ನು ಹೀಗೆ ಹಂಚುವುದು ಬಲ್ಲವರ ಲಕ್ಷಣ.

ಬಾಯಿಪಾಠ ಇನ್ನೊಂದು ತೊಡಕಿನ ಪ್ರಶ್ನೆಯನ್ನು ಎತ್ತುತ್ತದೆ: ನಿಖರತೆ ಯಾವುದಕ್ಕೆ? ಸಿಂಧನೂರಿನ ಹೆಣ್ಣುಮಗಳೊಬ್ಬಳು ಹಾಡಿದ ಪದ ಅಚ್ಚಾದ ಪಾಠಕ್ಕಿಂತ ಬೇರೆಯಾಗಿದ್ದರೆ ತಿದ್ದುವವರು ದಾಸರಿಗೆ ನಿಷ್ಠರಾಗಬೇಕೋ ಹಾಡಿದವಳಿಗೋ? ಸಂದರ್ಶನವನ್ನು ಬರಹಕ್ಕಿಳಿಸುವಾಗ ಇದು ಇನ್ನೂ ನೇರವಾಗಿ ಎದುರಾಗುತ್ತದೆ. ಮಾತಾಡಿದವರು ‘ಐತಿ’ ಎಂದಿರುತ್ತಾರೆ, ‘ಮಾಡ್ಯಾರ್ರಿ’ ಎಂದಿರುತ್ತಾರೆ. ಓಡುವ ಕೈ ಅದನ್ನು ‘ಇದೆ’, ‘ಮಾಡಿದ್ದಾರೆ’ ಎಂದು ಹೊಡೆದುಬಿಡುತ್ತದೆ. ಕಾಗುಣಿತದ ತಪ್ಪಿಲ್ಲ, ಅರ್ಥ ಕೆಟ್ಟಿಲ್ಲ, ಪ್ರೂಫ್ ಸ್ವಚ್ಛವಾಗಿ ಕಾಣುತ್ತದೆ. ಆದರೆ ಅದು ಆಡಿದವರ ಮಾತಲ್ಲ. ಹಾಡಿದ್ದನ್ನು ದಾಖಲಿಸುತ್ತೇನೆಂದು ಹೊರಟ ಮೇಲೆ ಹಾಡಿದವಳ ಪಾಠವೇ ಮೂಲ. ದಾಸರ ಪಾಠವನ್ನು ಅಡಿಯಲ್ಲಿ ಟಿಪ್ಪಣಿಯಾಗಿ ಕೊಡಬಹುದು. ದಾಸರ ಪಾಠ ಸಿದ್ಧಪಡಿಸುತ್ತೇನೆಂದು ಹೊರಟಾಗ ಅವಳ ಪಾಠ ಹಲವು ಸಾಕ್ಷಿಗಳಲ್ಲಿ ಒಂದು. ಯಾವ ಕೆಲಸಕ್ಕೆ ಕೂತಿದ್ದೇವೆ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳದವರು ನಿಧಾನವಾಗಿಯೂ ತಪ್ಪುತ್ತಾರೆ.

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ ಈ ಪ್ರಶ್ನೆ ಮನುಷ್ಯರ ಹೆಸರಿಗೇ ತಗುಲಿಕೊಂಡಿದೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ನಿರಾಶ್ರಿತರಿಗೆ ಪುನರ್ವಸತಿ ಕಲ್ಪಿಸಿದ ಊರುಗಳಿವು. ಮನೆಯಲ್ಲಿ ಬಂಗಾಳಿ, ಬಜಾರಿನಲ್ಲಿ ಕನ್ನಡ, ದಾಖಲೆಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್. ಬಂಗಾಳಿಯಲ್ಲಿ ‘ಬ’ ಮತ್ತು ‘ವ’ಕ್ಕೆ ಬೇರೆ ಬೇರೆ ಉಚ್ಚಾರ ಉಳಿದಿಲ್ಲ, ಅಕಾರ ಎಷ್ಟೋ ಕಡೆ ಒಕಾರದ ಹಾಗೆ ಕೇಳಿಸುತ್ತದೆ. ಒಂದೇ ಮನೆತನದ ಹೆಸರು ‘ಬಿಸ್ವಾಸ್’ ಎಂದೂ ‘ವಿಶ್ವಾಸ್’ ಎಂದೂ, ಇನ್ನೊಂದು ‘ಮಂಡಲ್’ ಎಂದೂ ‘ಮೊಂಡಲ್’ ಎಂದೂ ಬರೆಯಲು ಎಡೆಯಿದೆ. ‘ಸರ್ಕಾರ್’ ಎಂಬ ಮನೆತನದ ಹೆಸರನ್ನು ಪಟ್ಟಿಯಲ್ಲಿ ಕಂಡ ಕನ್ನಡ ಕಣ್ಣಿಗೆ ಅದು ತಪ್ಪಾಗಿ ಸೇರಿಕೊಂಡ ಪದವೆನಿಸಬಹುದು. ತಿದ್ದುವವರಿಗೆ ಇವು ಒಂದೊಂದು ಅಕ್ಷರ. ನಿರಾಶ್ರಿತರ ಕುಟುಂಬಕ್ಕೆ ತಂದೆಯ ಹೆಸರೂ ಮಗನ ದಾಖಲೆಯೂ ಹೊಂದಬೇಕಾದ ಜೀವನದ ಪ್ರಶ್ನೆ. ನೆಲ ಕಳೆದುಕೊಂಡು ಬಂದವರ ಕೈಯಲ್ಲಿ ಉಳಿದ ಆಸ್ತಿ ಹೆಸರು. ಅದನ್ನು ಊಹೆಯಿಂದ ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಹೆಸರಿನ ವಿಷಯದಲ್ಲಿ ಸರಿಯಾದ ರೂಪವೆಂದರೆ ವ್ಯಾಕರಣದ ರೂಪವಲ್ಲ, ಆ ಹೆಸರಿನವರು ತಮ್ಮದೆಂದು ಒಪ್ಪುವ ರೂಪ. ಅದಕ್ಕೆ ಅವರನ್ನೇ ಕೇಳಬೇಕು. ಕೇಳಲು ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಹೊತ್ತಿನ ಪ್ರಶ್ನೆ ಬಂದಾಗ ಕೂಲಿಯ ಪ್ರಶ್ನೆಯೂ ಬರುತ್ತದೆ. ಇದಕ್ಕೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದರೆನ್ನಲಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಗಿಂತ ಹತ್ತಿರದ ದಾರಿದೀಪ ಸಿಗುವುದಿಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಕಾಳು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳುತ್ತಾಳೆ. ಕಾಯಕದಲ್ಲಿ ತೊಡಗಿದವನಿಗೆ ಪೂಜೆ, ಗುರುದರ್ಶನಗಳೂ ಆಮೇಲಿನವು ಎಂಬಷ್ಟು ಎತ್ತರಕ್ಕೆ ಕಾಯಕವನ್ನು ಏರಿಸಿದ ಮನೆಯಲ್ಲೇ ಈ ತಡೆಯೂ ಹುಟ್ಟಿತು. ಅಂದರೆ ಹೆಚ್ಚು ಮಾಡಿದಷ್ಟೂ ಕಾಯಕ ದೊಡ್ಡದಾಗುವುದಿಲ್ಲ. ಕಾಳು ಕಾಳಾಗಿ ಆಯುವವನು ಒಂದೇ ದಿನದಲ್ಲಿ ಅಷ್ಟು ತಂದನೆಂದರೆ ಆಯ್ದುದರ ಹಿಂದೆ ಅಗತ್ಯಕ್ಕಿಂತ ಬೇರೇನೋ ಸೇರಿಕೊಂಡಿದೆ ಎಂದು ಲಕ್ಕಮ್ಮ ಕಂಡಳು.

ಪುಟದ ಲೆಕ್ಕದಲ್ಲಿ ಕೂಲಿ ಪಡೆಯುವವರು ತಮ್ಮ ಕಣ್ಣು ದಣಿಯುವ ಮಿತಿ ದಾಟಿ ಪುಟ ಒಪ್ಪಿಕೊಂಡಾಗ ಆಗುವುದು ಇದೇ. ಹಾಗೆಂದು ತಪ್ಪನ್ನೆಲ್ಲ ಅವರ ತಲೆಗೆ ಕಟ್ಟುವುದು ಸರಿಯಲ್ಲ. ಬಡತನದಲ್ಲಿ ಆಯುವವರಿಗೆ ಮಿತಿಯ ಉಪದೇಶ ಮಾಡುವುದು ಸುಲಭ. ಲಕ್ಕಮ್ಮ ಸ್ವತಃ ಅದೇ ಬಡತನದಲ್ಲಿದ್ದು ಮಿತಿ ಹಾಕಿಕೊಂಡಳು. ಕೆಲಸ ಕೊಡುವವರಿಗೆ ಆ ಉಪದೇಶ ಮಾಡುವ ಅಧಿಕಾರವಿಲ್ಲ. ಮೂರು ದಿನದ ಕೆಲಸವನ್ನು ಒಂದು ದಿನಕ್ಕೆ ಕೇಳಿ, ಕಡಿಮೆ ದರ ಕೊಟ್ಟು, ಆಮೇಲೆ ತಪ್ಪು ಎಣಿಸುವ ಸಂಸ್ಥೆಯದೇ ದೊಡ್ಡ ಪ್ರಮಾದ.

ಈಗ ಯಂತ್ರ ಬಂದಿದೆ. ಹಳೆಯ ಪುಸ್ತಕದ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ, ಮಾತನ್ನು ಕೇಳಿ ಬರೆಯುವ ತಂತ್ರಾಂಶ ಎರಡೂ ಕನ್ನಡಕ್ಕೆ ಸಿಗುತ್ತಿವೆ. ಬರೆಯುವ ಶ್ರಮ ಕ್ಷಣಗಳಿಗೆ ಇಳಿದು, ಭಾರವೆಲ್ಲ ತಿದ್ದುವವರ ಮೇಲೆ ಬಿದ್ದಿದೆ. ಯಂತ್ರದ ತಪ್ಪುಗಳ ಸ್ವಭಾವವೂ ಬೇರೆ. ‘ಮ’ ಇದ್ದಲ್ಲಿ ‘ವು’ ಬರುತ್ತದೆ, ‘ಪ’ ‘ಷ’ ಅದಲುಬದಲಾಗುತ್ತವೆ, ‘ದ’ ‘ಧ’ಗಳ ನಡುವಿನ ಸಣ್ಣ ಸೀಳು ಮಾಯವಾಗುತ್ತದೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ, ಅರ್ಕಾವೊತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು ಕೂತಿದ್ದರೆ ಓದುವ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಆದರೆ ಆ ಪದವನ್ನು ಕಂಪ್ಯೂಟರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಂಥವನ್ನು ಹುಡುಕಿ ಬದಲಿಸುವ ಆಜ್ಞೆಯಿಂದ ಒಮ್ಮೆಗೇ ತೆಗೆಯುವುದು ಜಾಣತನ. ಅಲ್ಲಿ ಉಳಿಸಿದ ಹೊತ್ತನ್ನು ಮೂಲದೊಂದಿಗೆ ತಾಳೆ ನೋಡಲು ಬಳಸಬಹುದು. ಮಾತು ಬರೆಯುವ ಯಂತ್ರ ಇನ್ನೂ ಹೆಚ್ಚಿನ ಎಚ್ಚರ ಬೇಡುತ್ತದೆ: ಕೇಳಿಸದ ಕಡೆ ಅದು ಸುಮ್ಮನಿರದೆ, ಕೇಳಿಸಿದಂತೆ ನಯವಾದ ವಾಕ್ಯ ಹೆಣೆದುಬಿಡಬಲ್ಲದು.

ಇದಕ್ಕೆ ಶಾಸನ ಓದುವವರ ಹಳೆಯ ಪದ್ಧತಿಯೇ ಮದ್ದು. ಕಾಗದ ಒದ್ದೆ ಮಾಡಿ ಕಲ್ಲಿಗೆ ಒತ್ತಿ, ಕುಂಚದಿಂದ ಬ‍ಡಿದು, ಮಸಿ ತಟ್ಟಿ ತೆಗೆದ ಪಡಿಯಚ್ಚಿನಲ್ಲಿ ಅಕ್ಷರ ಸವೆದಿದ್ದರೆ ಅವರು ಚುಕ್ಕಿ ಇಡುತ್ತಾರೆ. ಸಂಶಯವಿದ್ದರೆ ಚೌಕ ಕಂಸದೊಳಗೆ ಬರೆಯುತ್ತಾರೆ. ತಾವೇ ತುಂಬಿದ್ದನ್ನು ತಾವು ತುಂಬಿದ್ದೆಂದು ಗುರುತು ಮಾಡುತ್ತಾರೆ. ಧ್ವನಿಮುದ್ರಣ ತಿದ್ದುವವರು ಕೇಳಿಸದ ಜಾಗದಲ್ಲಿ ಗಂಟೆ-ನಿಮಿಷ ಬರೆದು ಖಾಲಿ ಬಿಡುವುದೂ ಇದೇ ಸಂಪ್ರದಾಯ. ಹೊತ್ತು ಸಾಲದಿದ್ದರೆ ಖಾಲಿ ಬಿಡಲು ಹಕ್ಕಿದೆ, ಊಹೆಯಿಂದ ತುಂಬಿ ಗುರುತಿಲ್ಲದಂತೆ ಸಾಗಿಸಲು ಹಕ್ಕಿಲ್ಲ. ವೇಗಕ್ಕೂ ಸತ್ಯಕ್ಕೂ ನಡುವೆ ಗೆರೆ ಬೀಳುವುದು ಇಲ್ಲಿಯೇ. ಅರ್ಧ ಮುಗಿದ ಪ್ರಾಮಾಣಿಕ ಪ್ರತಿಯನ್ನು ನಾಳೆ ಯಾರಾದರೂ ಪೂರ್ತಿ ಮಾಡಬಹುದು. ಪೂರ್ತಿಯಾದಂತೆ ತೋರುವ ಸುಳ್ಳು ಪ್ರತಿಯನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ.

ಎರಡನೆಯ ಕಣ್ಣಿನ ಅಗತ್ಯವನ್ನೂ ಪರಂಪರೆ ಬಲ್ಲದು. ವೇದವನ್ನು ಬಾಯಿಪಾಠದಲ್ಲೇ ಕಾಪಾಡಿದವರು ಪದಗಳನ್ನು ಮುಂದೆ ಹಿಂದೆ ಹೆಣೆದು ಹೇಳುವ ಕ್ರಮ, ಜಟೆ, ಘನ ಪಾಠಗಳನ್ನು ಕಟ್ಟಿದರು. ಅಲ್ಲಿ ಒಂದು ಪದ ಬಿದ್ದರೂ ಹೆಣಿಗೆ ಕೂಡುವುದಿಲ್ಲ. ವಿಕಿಸೋರ್ಸ್‌ನಲ್ಲಿ ಕನ್ನಡ ಪುಸ್ತಕಗಳನ್ನು ತಿದ್ದುವ ಸ್ವಯಂಸೇವಕರ ನಿಯಮವೂ ಇದೇ ತತ್ತ್ವದ್ದು. ಒಬ್ಬರು ತಾಳೆ ನೋಡಿದ ಪುಟ ಹಳದಿಯಾಗುತ್ತದೆ, ಬೇರೊಬ್ಬರು ಮತ್ತೆ ನೋಡಿದ ಮೇಲಷ್ಟೇ ಹಸಿರಾಗುತ್ತದೆ. ಒಬ್ಬರೇ ಎರಡೂ ಗುರುತು ಹಾಕುವಂತಿಲ್ಲ. ಮೂಲ ಪುಟದ ಚಿತ್ರ ಸದಾ ಪಕ್ಕದಲ್ಲಿರುತ್ತದೆ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತ ಇನ್ನೊಬ್ಬರು ಪ್ರೂಫ್ ಮೇಲೆ ಬೆರಳಿಟ್ಟು ನೋಡುವ ಮುದ್ರಣಾಲಯದ ಹಳೆಯ ಪದ್ಧತಿಯೂ ಇದೇ ಕೆಲಸ ಮಾಡುತ್ತಿತ್ತು. ಇಬ್ಬರು ಸಾಧಾರಣ ವೇಗದಲ್ಲಿ ನೋಡಿದ ಪುಟ, ಒಬ್ಬರೇ ಅತಿ ನಿಧಾನವಾಗಿ ಎರಡು ಸಲ ನೋಡಿದ ಪುಟಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ. ಬರೆದವರ ಕಣ್ಣು ತಾನು ಬರೆದದ್ದನ್ನೇ ಮತ್ತೆ ಕಾಣುತ್ತದೆ.

ಮೂಡಬಿದಿರೆಯ ಗರಿ ಉಳಿದಿದ್ದರಿಂದ ಬಿದ್ದ ಪದ ಮರಳಿತು. ಪ್ರಿನ್ಸೆಪ್ ಅಕ್ಷರಗಳ ಪ್ರತಿರೂಪ ಕೊಟ್ಟಿದ್ದರಿಂದ ಊಹೆ ತಿದ್ದುಪಡಿಯಾಯಿತು. ಹಳಕಟ್ಟಿಯವರ ಅವಸರ ಹಾನಿ ಮಾಡದೆ ಹೋದದ್ದು ಮುಂದಿನವರಿಗೂ ಓಲೆಗರಿಗಳು ಸಿಕ್ಕಿದ್ದರಿಂದ. ಮೂಲಕ್ಕೆ ಮರಳುವ ದಾರಿ ತೆರೆದಿರುವವರೆಗೆ ವೇಗ ಕ್ಷಮ್ಯ; ಆ ದಾರಿ ಮುಚ್ಚಿದ ಮೇಲೆ ನಿಧಾನವೂ ಸಾಲದು. ಆದ್ದರಿಂದ ಈ ಸೀಮೆಯಲ್ಲಿ ಭಜನೆಯ ಪದಗಳನ್ನು, ತತ್ತ್ವಪದಗಳನ್ನು, ಕ್ಯಾಂಪ್‌ನ ಹಿರಿಯರ ವಲಸೆಯ ನೆನಪುಗಳನ್ನು ಮೊಬೈಲ್‌ನಲ್ಲಿ ಹಿಡಿದು ಬರೆಸುತ್ತಿರುವ ಕಾಲೇಜುಗಳೂ ಸಂಘಗಳೂ ಬರಹ ಅಚ್ಚಾಯಿತೆಂದು ಧ್ವನಿಮುದ್ರಿಕೆಯನ್ನು ಅಳಿಸಬಾರದು. ಅದರ ಎರಡು ಪ್ರತಿ ಬೇರೆ ಬೇರೆ ಕಡೆ ಇಡಬೇಕು; ಹಾಡಿದವರ, ಬರೆದವರ, ತಿದ್ದಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರಹದ ಜೊತೆ ಸೇರಿಸಬೇಕು; ತಿದ್ದುವವರಿಗೆ ಪುಟದ ಲೆಕ್ಕ ಬಿಟ್ಟು ಗಂಟೆಯ ಲೆಕ್ಕದಲ್ಲಿ ಸಂಭಾವನೆ ಕೊಡಬೇಕು.